ಮಾರ್ವಾಡಿ ಪೇಟೆ, ಲಂಬಾಣಿ ತಾಂಡಾ: ದಾವಣಗೆರೆಯಲ್ಲಿ ಪದೇ ಪದೇ ಕೇಳುವ ಪ್ರಶ್ನೆಗಳು

ನಾನು ಹುಟ್ಟಿದ್ದು ಜಗಳೂರು ತಾಲ್ಲೂಕಿನ ಒಂದು ಲಂಬಾಣಿ ತಾಂಡಾದಲ್ಲಿ. ಹದಿನಾರು ವರ್ಷದಿಂದ ದಾವಣಗೆರೆಯ ಚೌಕಿಪೇಟೆ ಕಡೆ ಒಂದು ಬಟ್ಟೆ ಅಂಗಡಿಯಲ್ಲಿ ಲೆಕ್ಕ ಬರೆಯುತ್ತಿದ್ದೇನೆ. ಅಂಗಡಿ ಮಾರ್ವಾಡಿಗಳದ್ದು. ಹಾಗಾಗಿ ಲಂಬಾಣಿಗರು, ಮಾರ್ವಾಡಿಗಳ ಬಗ್ಗೆ ಎರಡೂ ಕಡೆಯವರು ನನ್ನನ್ನು ಕೇಳುತ್ತಲೇ ಇರುತ್ತಾರೆ. ತಾಂಡಾದ ಕಾಲೇಜು ಹುಡುಗರು ಕೇಳುವುದು ಒಂದು ಥರ, ಅಂಗಡಿಗೆ ಬರುವ ಗಿರಾಕಿಗಳು ಕೇಳುವುದು ಇನ್ನೊಂದು ಥರ. ಪ್ರತಿಸಲ ಅರ್ಧಂಬರ್ಧ ಉತ್ತರ ಕೊಟ್ಟು ಸಾಕಾಗಿದೆ. ಈ ಸಲ ಕೂತು ಪೂರ್ತಿ ಬರೆದಿದ್ದೇನೆ.

ಲಂಬಾಣಿಗರೂ ಮಾರ್ವಾಡಿಗಳೂ ಒಂದೇ ಕಡೆಯಿಂದ ಬಂದವರಾ?

ಹೌದು, ದಿಕ್ಕು ಒಂದೇ. ಇಬ್ಬರ ಬೇರೂ ರಾಜಸ್ಥಾನದ ಕಡೆಗೇ ಹೋಗುತ್ತದೆ. ನಮ್ಮ ಊರುಗಳಲ್ಲಿರುವ ಮಾರ್ವಾಡಿಗಳಲ್ಲಿ ತುಂಬಾ ಮನೆಯವರು ಪಾಲಿ, ಜಾಲೋರ್, ಸಿರೋಹಿ ಜಿಲ್ಲೆಗಳ ಕಡೆಯವರು. ಲಂಬಾಣಿಗರ ಹಿರಿಯರೂ ತಮ್ಮ ಮೂಲ ಹೇಳುವಾಗ ಮಾರವಾಡದ ಹೆಸರೇ ತೆಗೆಯುತ್ತಾರೆ.

ಪುಸ್ತಕ ಓದಿ ನನಗೆ ಇದು ಗೊತ್ತಾಗಿದ್ದಲ್ಲ. ಅಂಗಡಿ ಸೇರಿದ ಎರಡನೇ ವರ್ಷ ನನ್ನ ದಾದಿ, ಅಂದರೆ ಅಪ್ಪನ ಅಮ್ಮ, ಕಣ್ಣು ತೋರಿಸಲು ದಾವಣಗೆರೆಗೆ ಬಂದಿದ್ದಳು. ಮೈಮೇಲೆ ಹಳೇ ಉಡುಗೆಯೇ ಇತ್ತು. ಫೇಟಿಯಾ ಅನ್ನುವ ಲಂಗ, ಕನ್ನಡಿ ಕೂರಿಸಿದ ಕಾಂಚಳಿ ರವಿಕೆ, ತೋಳಿನ ತುಂಬ ಬಿಳಿ ಬಳೆ. ಅಂಗಡಿಯ ಮೆಟ್ಟಿಲ ಮೇಲೆ ಕೂತಿದ್ದಳು. ಅಂಗಡಿ ಮಾಲೀಕರು ಸೇಠ್‌ಜಿ, ಅವರ ತಾಯಿಯನ್ನು ನಾವೆಲ್ಲ ಮಾಜಿ ಅನ್ನುತ್ತೇವೆ. ಮಾಜಿ ಮಹಡಿಯಿಂದ ಇಳಿದು ಬಂದವರು ದಾದಿಯ ಮುಂದೆ ನಿಂತುಬಿಟ್ಟರು. ಬಗ್ಗಿ ಆ ರವಿಕೆಯ ಅಂಚು ಹಿಡಿದು "ಕಾಂಚಳೀ" ಅಂದರು. ದಾದಿ ತಲೆ ಎತ್ತಿ ನೋಡಿದಳು. ಇಬ್ಬರ ಬಾಯಲ್ಲೂ ಅದಕ್ಕೆ ಅದೇ ಹೆಸರು! ಆಮೇಲೆ ಊಟದ ಮಾತು ಬಂತು. ನಮ್ಮಲ್ಲಿ ರೊಟ್ಟಿಗೆ ಬಾಟಿ ಅನ್ನುತ್ತಾರೆ, ಅವರಲ್ಲಿ ಕೆಂಡದ ಮೇಲೆ ಸುಟ್ಟ ಉಂಡೆ ಬಾಟಿ. ಅರ್ಧ ಗಂಟೆ ಇಬ್ಬರೂ ತಮ್ಮ ತಮ್ಮ ಭಾಷೆಯಲ್ಲೇ ಮಾತಾಡಿಕೊಂಡರು. ಮಧ್ಯೆ ನಿಂತು ಅರ್ಥ ಹೇಳುವ ಕೆಲಸ ನನಗೆ ಬೀಳಲೇ ಇಲ್ಲ.

ಹಾಗಾದರೆ ಯಾರು ಮೊದಲು ಬಂದರು?

ಲಂಬಾಣಿಗರು, ಅದೂ ನೂರಾರು ವರ್ಷ ಮೊದಲು. ಅವರು ಎತ್ತಿನ ಮೇಲೆ ಹೇರು ಹಾಕಿಕೊಂಡು ಉಪ್ಪು, ದವಸ ಸಾಗಿಸುತ್ತಿದ್ದ ವ್ಯಾಪಾರಿಗಳು. 17ನೇ ಶತಮಾನದಲ್ಲಿ ಮೊಗಲರ ಸೈನ್ಯ ದಖ್ಖನ್‌ಗೆ ಇಳಿದಾಗ ಹಿಂದೆ ಧಾನ್ಯ ಹೊತ್ತು ಬಂದವರು ಇವರೇ. 1791-92ರಲ್ಲಿ ಕಾರ್ನ್‌ವಾಲಿಸ್ ಟಿಪ್ಪುವಿನ ಮೇಲೆ ಏರಿ ಬಂದಾಗ ಬ್ರಿಟಿಷ್ ಸೈನ್ಯದ ಹೊಟ್ಟೆ ತುಂಬಿಸಿದ್ದೂ ಬಂಜಾರರ, ಅಂದರೆ ಲಂಬಾಣಿಗರ, ಎತ್ತಿನ ಸಾಲುಗಳೇ. ನಮ್ಮ ಗುರು ಸಂತ ಸೇವಾಲಾಲರು 1739ರ ಫೆಬ್ರವರಿ 15ರಂದು ಹುಟ್ಟಿದರು ಎಂದು ಸಮುದಾಯ ನಂಬುತ್ತದೆ. ಕರ್ನಾಟಕದ ಬಂಜಾರರಿಗೆ ಅವರ ಜನ್ಮಸ್ಥಳ ನಮ್ಮದೇ ಜಿಲ್ಲೆಯ ನ್ಯಾಮತಿ ತಾಲ್ಲೂಕಿನ ಸೂರಗೊಂಡನಕೊಪ್ಪ. ಪ್ರತಿ ಫೆಬ್ರವರಿಯಲ್ಲಿ ಮಾಲೆ ಧರಿಸಿದವರು ಅಲ್ಲಿಗೆ ಸಾಲುಗಟ್ಟಿ ಹೋಗುವುದನ್ನು ನೀವೂ ನೋಡಿರಬಹುದು.

ಮಾರ್ವಾಡಿಗಳು ಬಂದಿದ್ದು ಹೆಚ್ಚಾಗಿ 19ನೇ ಶತಮಾನದ ಕೊನೆಯಿಂದ ಈಚೆಗೆ. ರಾಜಸ್ಥಾನದಲ್ಲಿ ಮಳೆ ಕೈಕೊಡುವುದು ಹೊಸದಲ್ಲ. 1899-1900ರ ಬರವನ್ನು ಅವರು ಇಂದಿಗೂ 'ಛಪ್ಪನಿಯಾ ಅಕಾಲ' ಅನ್ನುತ್ತಾರೆ. ಅದು ಅವರ ವಿಕ್ರಮ ಸಂವತ್ 1956ನೇ ವರ್ಷ, ಛಪ್ಪನ್ ಅಂದರೆ ಐವತ್ತಾರು. ಹಾಗೆ ಹೊರಟವರಲ್ಲಿ ಕೆಲವರು ಬೆಂಗಳೂರಿಗೆ ಬಂದರು. ಅಲ್ಲಿಂದ ಹುಬ್ಬಳ್ಳಿ, ದಾವಣಗೆರೆ, ಚಿತ್ರದುರ್ಗದ ಪೇಟೆಗಳಿಗೆ ಹರಡಿದರು.

ಮೂಲ ಒಂದೇ, ಇಬ್ಬರೂ ವ್ಯಾಪಾರಿಗಳೇ. ಮತ್ತೆ ಒಬ್ಬರು ಪೇಟೆಯಲ್ಲಿ, ಇನ್ನೊಬ್ಬರು ಗುಡ್ಡದ ಬುಡದಲ್ಲಿ ಯಾಕೆ?

ನನ್ನ ಪ್ರಕಾರ ಇದಕ್ಕೆ ಉತ್ತರ ನಮ್ಮ ಊರಿನ ರೈಲ್ವೆ ಸ್ಟೇಷನ್‌ನಲ್ಲಿದೆ.

ಬೆಂಗಳೂರಿನಿಂದ ಹರಿಹರದ ಕಡೆಗೆ ರೈಲು ಬಂದಿದ್ದು 1880ರ ದಶಕದ ಕೊನೆಗೆ. ದಾವಣಗೆರೆ ದೊಡ್ಡದಾಗಿದ್ದೇ ಅದರಿಂದ. ಹತ್ತಿ, ಎಣ್ಣೆಕಾಳು, ಮಂಡಿ, ಆಮೇಲೆ ಬಟ್ಟೆ ಗಿರಣಿಗಳು. ಕರ್ನಾಟಕದ ಮ್ಯಾಂಚೆಸ್ಟರ್ ಅನ್ನುವ ಹೆಸರೂ ಬಂತು. ಆದರೆ ಒಂದು ಲೆಕ್ಕ ಹಾಕಿ ನೋಡಿ. ಒಂದು ಗೂಡ್ಸ್ ಬಂಡಿ ಎಷ್ಟು ಎತ್ತಿನ ಹೇರಿಗೆ ಸಮ? ನೂರಾರು ಎತ್ತು ಹೊಡೆದುಕೊಂಡು ತಿಂಗಳುಗಟ್ಟಲೆ ನಡೆದು ಸಾಗಿಸುತ್ತಿದ್ದ ಸರಕನ್ನು ರೈಲು ಎರಡು ದಿನದಲ್ಲಿ ಇಳಿಸಿತು. ಉಪ್ಪಿನ ಮೇಲೆ ಬ್ರಿಟಿಷರ ಹಿಡಿತ ಮೊದಲೇ ಬಿಗಿಯಾಗಿತ್ತು. ಲಂಬಾಣಿಗರ ಕಸುಬು ಒಂದೆರಡು ತಲೆಮಾರಿನಲ್ಲೇ ಮುಳುಗಿತು. ಎತ್ತು ಮಾರಿದರು. ಕಾಡಂಚಿನಲ್ಲಿ, ಸರ್ಕಾರಿ ಜಾಗದಲ್ಲಿ, ಯಾರೂ ಉಳದ ಕಲ್ಲು ಭೂಮಿಯಲ್ಲಿ ತಾಂಡಾ ಹಾಕಿ ಕೂತರು. ಸೌದೆ ಮಾರಿದರು, ಕೂಲಿಗೆ ಹೋದರು.

ಅದೇ ರೈಲಿನಲ್ಲಿ ಮಾರ್ವಾಡಿಗಳು ಬಂದು ಇಳಿದರು. ನಮ್ಮ ಹಿರಿಯರ ಅನ್ನ ಕಿತ್ತುಕೊಂಡ ರೈಲೇ ಅವರ ಹಿರಿಯರಿಗೆ ಅನ್ನ ಕೊಟ್ಟಿತು. ಇದರಲ್ಲಿ ಮಾರ್ವಾಡಿಗಳ ತಪ್ಪೇನೂ ಇಲ್ಲ. ಲಂಬಾಣಿಗರಿಗೆ ತಲೆ ಇರಲಿಲ್ಲ ಅನ್ನುವುದೂ ಸುಳ್ಳು. ಸಾವಿರ ಮೈಲಿ ದೂರ ದವಸ ಸಾಗಿಸಿ, ಲೆಕ್ಕ ತಪ್ಪದೆ ವ್ಯಾಪಾರ ಮಾಡಿದವರಿಗೆ ತಲೆ ಇಲ್ಲದೆ ಇರುತ್ತದಾ?

ಲಂಬಾಣಿಗರನ್ನು ಹಿಂದೆ 'ಅಪರಾಧಿ ಬುಡಕಟ್ಟು' ಅಂತ ಬರೆದಿದ್ದರಂತೆ, ನಿಜವಾ?

ನಿಜ. 1871ರಲ್ಲಿ ಬ್ರಿಟಿಷರು ಅಂಥದ್ದೊಂದು ಕಾನೂನು ತಂದರು. ಊರೂರು ಅಲೆಯುವವರನ್ನು ಹುಟ್ಟಿನಿಂದಲೇ ಕಳ್ಳರು ಎಂದು ಪಟ್ಟಿ ಮಾಡುವ ಕಾನೂನು ಅದು. ಹಲವು ಕಡೆ ಲಂಬಾಣಿಗರನ್ನೂ ಅದಕ್ಕೆ ಸೇರಿಸಿದರು. ಅದು ಪೂರ್ತಿ ರದ್ದಾಗಿದ್ದು 1952ರ ಆಗಸ್ಟ್ 31ಕ್ಕೆ. ಸ್ವಾತಂತ್ರ್ಯ ಬಂದು ಐದು ವರ್ಷ ಆಗಿತ್ತು.

ಕಾನೂನು ಹೋಯಿತು, ಅನುಮಾನ ಹೋಗಲಿಲ್ಲ. ಪಿಯುಸಿ ಓದುವಾಗ ನಾನು ಬಾಡಿಗೆಗೆ ರೂಮು ಹುಡುಕಿಕೊಂಡು ಹೋದರೆ ಮನೆಯವರು ಕೇಳುತ್ತಿದ್ದ ಮೊದಲ ಪ್ರಶ್ನೆ "ಯಾವೂರು?" ತಾಂಡಾದ ಹೆಸರು ಹೇಳಿದ ಕೂಡಲೇ ರೂಮು ಖಾಲಿ ಇಲ್ಲ. ಮೂರು ಮನೆಯಲ್ಲಿ ಹೀಗಾಯಿತು. ನಾಲ್ಕನೇ ಮನೆಯಲ್ಲಿ ಜಗಳೂರು ಅಂತಷ್ಟೇ ಹೇಳಿದೆ. ರೂಮು ಸಿಕ್ಕಿತು.

ಮಾರ್ವಾಡಿಗಳಿಗೂ ಹೊರಗಿನವರು ಅನ್ನುವ ಮಾತು ತಪ್ಪಿದ್ದಲ್ಲ. ಬಡ್ಡಿ, ಜಿಪುಣತನ ಅಂತ ಅವರನ್ನು ಆಡಿಕೊಳ್ಳುವುದು ನಾನು ದಿನಾ ಕೇಳುತ್ತೇನೆ, ಬೇಜಾರಾಗುತ್ತದೆ. ಆದರೆ ಆ ಮಾತಿನಿಂದ ಅವರಿಗೆ ಬಾಡಿಗೆ ಮಳಿಗೆ ತಪ್ಪಲಿಲ್ಲ.

ಮಾರ್ವಾಡಿಗಳಿಗೆ ಅಷ್ಟೊಂದು ಬಂಡವಾಳ ಎಲ್ಲಿಂದ ಬರುತ್ತದೆ?

ಅತಿ ಹೆಚ್ಚು ಕೇಳುವ ಪ್ರಶ್ನೆ ಇದೇ. ಊರಿಂದ ಗಂಟು ತಂದಿದ್ದರು ಅಂತ ಜನ ತಿಳಿದಿದ್ದಾರೆ. ನಾನು ಕಂಡಿದ್ದು ಬೇರೆ.

ಹದಿನೈದು, ಹದಿನಾರು ವರ್ಷದ ಹುಡುಗ ಊರಿಂದ ಬರುತ್ತಾನೆ. ಸೇಠ್‌ಜಿಗೆ ದೂರದ ನೆಂಟ, ಇಲ್ಲ ಅವರ ಹಳ್ಳಿಯವನು. ಬೆಳಿಗ್ಗೆ ಶಟರ್ ಎತ್ತುತ್ತಾನೆ, ಥಾನು ಜೋಡಿಸುತ್ತಾನೆ, ಗಿರಾಕಿಗೆ ನೀರು ಕೊಡುತ್ತಾನೆ. ರಾತ್ರಿ ಅಂಗಡಿಯ ಮಹಡಿಯಲ್ಲೇ ಮಲಗುತ್ತಾನೆ. ಊಟ ಸೇಠ್‌ಜಿ ಮನೆಯದು. ಸಂಬಳ ಕೈಗೆ ಕೊಡುವುದು ಕಡಿಮೆ, ಖಾತೆಯಲ್ಲಿ ಜಮಾ ಆಗುತ್ತಾ ಹೋಗುತ್ತದೆ. ಆ ಖಾತೆ ಬರೆಯುವವಳು ನಾನೇ, ಅದಕ್ಕೆ ಗೊತ್ತು. ಆರೇಳು ವರ್ಷದಲ್ಲಿ ಹುಡುಗ ಕನ್ನಡ ಕಲಿತಿರುತ್ತಾನೆ, ಸರಕು ಕಲಿತಿರುತ್ತಾನೆ. ಗಿರಾಕಿಯ ಮುಖ ನೋಡಿ ರೇಟು ಹೇಳುವುದೂ ಬಂದಿರುತ್ತದೆ. ಆಗ ಸೇಠ್‌ಜಿ ಅವನಿಗೆ ಹೊಸದುರ್ಗದಲ್ಲೋ ಚಳ್ಳಕೆರೆಯಲ್ಲೋ ಒಂದು ಸಣ್ಣ ಮಳಿಗೆ ಹಿಡಿದುಕೊಡುತ್ತಾರೆ. ಸರಕು ಉದ್ರಿ. ಸೂರತ್‌ನ ಹೋಲ್‌ಸೇಲ್ ವ್ಯಾಪಾರಿಗೆ ಒಂದು ಫೋನು, "ಹುಡುಗ ನಮ್ಮವನು". ಎರಡು ಮೂರು ತಿಂಗಳ ವಾಯಿದೆ ಸಿಗುತ್ತದೆ. ಸರಕು ಮಾರಿದ ಮೇಲೆ ದುಡ್ಡು ಕಟ್ಟಿದರಾಯಿತು.

ಬಂಡವಾಳ ಅಂದರೆ ಆ ಒಂದು ಫೋನು.

ಆ ಹುಡುಗ ಮೋಸ ಮಾಡಿದರೆ? ಪಾಲಿಯಲ್ಲಿರುವ ಅವನ ಅಪ್ಪನ ಮರ್ಯಾದೆ ಹೋಗುತ್ತದೆ, ತಂಗಿಯ ಮದುವೆ ನಿಲ್ಲುತ್ತದೆ. ಅದಕ್ಕೇ ಯಾರೂ ಪತ್ರ ಬರೆಸಿಕೊಳ್ಳುವುದಿಲ್ಲ.

ತಾಂಡಾದಲ್ಲಿ ಅಂಥ ಒಗ್ಗಟ್ಟು ಇಲ್ಲವಾ?

ಒಗ್ಗಟ್ಟು ಇದೆ, ನಂಬಿಕೆಯೂ ಇದೆ. ನಾಯಕ್, ಡಾವ್, ಕಾರಭಾರಿ ಎಂದು ಹಿರಿಯರ ಕಟ್ಟು ಈಗಲೂ ಇದೆ. ಒಬ್ಬರ ಮನೆ ಮದುವೆಗೆ ಇಡೀ ತಾಂಡಾ ದುಡಿಯುತ್ತದೆ. ಆದರೆ ತಾಂಡಾಕ್ಕೆ ಹೊರಗಿನಿಂದ ಬರುವ ಮುಂಗಡ ಬೇರೆ ಥರದ್ದು.

ದೀಪಾವಳಿ ಮುಗಿಯುತ್ತಿದ್ದಂತೆ ಮೇಸ್ತ್ರಿ ಬರುತ್ತಾನೆ. ಚಿಕ್ಕಮಗಳೂರು ಕಡೆಯ ಕಾಫಿ ತೋಟಕ್ಕೆ ಆಳು ಬೇಕು. ಗಂಡ ಹೆಂಡತಿಗೆ ಇಷ್ಟು ಸಾವಿರ ಅಂತ ಮುಂಗಡ ಕೊಡುತ್ತಾನೆ. ಆ ದುಡ್ಡು ಹಳೇ ಸಾಲಕ್ಕೋ, ಬೋರ್‌ವೆಲ್ ಕೊರೆಸಿದ ಬಾಕಿಗೋ ಅವತ್ತೇ ಹೋಗುತ್ತದೆ. ಆಮೇಲೆ ನವೆಂಬರ್‌ನಿಂದ ಫೆಬ್ರವರಿ, ಮಾರ್ಚ್‌ವರೆಗೆ ಹಣ್ಣು ಕೊಯ್ದು ಅದನ್ನು ತೀರಿಸಬೇಕು. ಕಬ್ಬು ಕಡಿಯಲು ಹೋಗುವವರದೂ ಇದೇ ಕಥೆ.

ಲೆಕ್ಕ ಬರೆಯುವವಳಾಗಿ ನನ್ನ ಕಣ್ಣಿಗೆ ಕುಕ್ಕಿದ ವ್ಯತ್ಯಾಸ ಇದು. ಪೇಟೆಯ ಹುಡುಗನಿಗೂ ಮುಂಗಡ ಸಿಗುತ್ತದೆ, ತಾಂಡಾದ ಹುಡುಗನಿಗೂ ಸಿಗುತ್ತದೆ. ಇಬ್ಬರೂ ಪ್ರಾಮಾಣಿಕವಾಗಿ ತೀರಿಸುತ್ತಾರೆ. ಪೇಟೆಯ ಹುಡುಗನಿಗೆ ಸರಕಿನ ಮುಂಗಡ, ತೀರಿಸಿದ ಮೇಲೆ ಅವನ ಕೈಯಲ್ಲಿ ಅಂಗಡಿ ಉಳಿಯುತ್ತದೆ. ತಾಂಡಾದ ಹುಡುಗನಿಗೆ ಮೈಕೂಲಿಯ ಮುಂಗಡ, ತೀರಿಸಿದ ಮೇಲೆ ಬರೀ ಕೈಯಲ್ಲಿ ಊರಿಗೆ ಬರುತ್ತಾನೆ.

ಮಕ್ಕಳದ್ದು ಇನ್ನೂ ಕಷ್ಟ. ಗುಳೆ ಹೋಗುವಾಗ ಅಜ್ಜಿ ಗಟ್ಟಿ ಇದ್ದರೆ ಮಗು ಶಾಲೆಯಲ್ಲಿ ಉಳಿಯುತ್ತದೆ, ಇಲ್ಲದಿದ್ದರೆ ತೋಟದ ಲೈನ್ ಮನೆಗೆ ಹೋಗುತ್ತದೆ. ನಾನು ಓದಿದ್ದು ದಾದಿಯ ದೆಸೆಯಿಂದ.

ಬ್ಯಾಂಕ್ ಸಾಲ ತೆಗೆದು ಅಂಗಡಿ ಹಾಕಬಹುದಲ್ಲ?

ನನ್ನ ಅಣ್ಣ ಹಾಗೇ ಹೋಗಿದ್ದ. ಮೊಬೈಲ್ ರಿಪೇರಿ ಕಲಿತಿದ್ದ. ಬ್ಯಾಂಕಿನವರು ಮನೆಯ ದಾಖಲೆ ಕೇಳಿದರು. ಅಜ್ಜ ಕಟ್ಟಿದ ಮನೆ, ಮೂರು ತಲೆಮಾರು ಬಾಳಿದ ಮನೆ. ದಾಖಲೆ ಮಾತ್ರ ಇಲ್ಲ! ಯಾಕೆಂದರೆ ಕಾಗದದ ಮೇಲೆ ನಮ್ಮ ತಾಂಡಾವೇ ಇರಲಿಲ್ಲ. ಜಾಗ ಒಂದು ಕಡೆ ಅರಣ್ಯ, ಒಂದು ಕಡೆ ಗೋಮಾಳ. ನಾಲ್ಕು ತಿಂಗಳು ಓಡಾಡಿಸಿ ಕೊನೆಗೆ ಆಗಲ್ಲ ಅಂದರು. ಅಣ್ಣ ಈಗ ಬೆಂಗಳೂರಿನಲ್ಲಿ ಸೆಂಟ್ರಿಂಗ್ ಕೆಲಸ ಮಾಡುತ್ತಾನೆ.

ಕಂದಾಯ ಗ್ರಾಮ, ಅಂದರೆ ಸರ್ಕಾರಿ ದಾಖಲೆಯಲ್ಲಿರುವ ಊರು, ಅನ್ನುವ ಮಾತು ತಾಂಡಾದವರಿಗೆ ಯಾಕೆ ಅಷ್ಟು ದೊಡ್ಡದು ಎಂದು ಈಗ ಗೊತ್ತಾಯಿತಲ್ವಾ? ಕರ್ನಾಟಕದಲ್ಲಿ ಭೂಸುಧಾರಣಾ ಕಾಯ್ದೆಗೆ ತಿದ್ದುಪಡಿ ತಂದು ತಾಂಡಾ, ಗೊಲ್ಲರಹಟ್ಟಿ, ಹಾಡಿಗಳಂಥ ದಾಖಲೆ ಇಲ್ಲದ ವಸತಿಗಳಿಗೆ ಹಕ್ಕು ಕೊಡುವ ದಾರಿ ಮಾಡಿದ್ದಾರೆ. 2023ರ ಜನವರಿಯಲ್ಲಿ ಕಲಬುರಗಿ ಜಿಲ್ಲೆಯ ಮಳಖೇಡದಲ್ಲಿ ಒಂದೇ ದಿನ 50 ಸಾವಿರಕ್ಕೂ ಹೆಚ್ಚು ಕುಟುಂಬಗಳಿಗೆ ಹಕ್ಕುಪತ್ರ ಕೊಟ್ಟಿದ್ದು ನೆನಪಿರಬಹುದು. ಅದು ಕಲಬುರಗಿ, ಬೀದರ್, ವಿಜಯಪುರ ಕಡೆಯವರಿಗೆ. ಅವತ್ತು ಟಿವಿ ಮುಂದೆ ಕೂತು ಅಮ್ಮ ಅತ್ತಳು. ನಮಗೆ ಸಿಕ್ಕಿರಲಿಲ್ಲ, ಆದರೂ ಅತ್ತಳು.

ತಾಂಡಾಗಳು ಹಿಂದುಳಿಯಲು ಕುಡಿತವೇ ಕಾರಣ ಅಲ್ವಾ?

ಕುಡಿತ ಮನೆ ಹಾಳು ಮಾಡಿದೆ, ನಾನು ಮುಚ್ಚಿಡುವುದಿಲ್ಲ. ಕಸುಬು ಹೋದ ಮೇಲೆ ಕೆಲವು ತಾಂಡಾಗಳಲ್ಲಿ ಕಳ್ಳಬಟ್ಟಿ ಇಳಿಸುವುದೇ ಜೀವನ ಆಗಿತ್ತು. 2007ರ ಜುಲೈನಲ್ಲಿ ರಾಜ್ಯದಲ್ಲಿ ಸಾರಾಯಿ ನಿಂತಿತು, ಪ್ಯಾಕೆಟ್ ಹೋಗಿ ಟೆಟ್ರಾ ಬಂತು ಅಷ್ಟೇ. ಆದರೆ ಕುಡಿಯುವ ಜನ ಎಲ್ಲ ಜಾತಿಯಲ್ಲೂ ಇದ್ದಾರೆ. ಊರಲ್ಲಿ ಕುಡಿದವನನ್ನು ಅವನ ಹೆಸರು ಹಿಡಿದು ಬೈಯುತ್ತಾರೆ. ತಾಂಡಾದಲ್ಲಿ ಒಬ್ಬ ಕುಡಿದರೆ ಇಡೀ ತಾಂಡಾವನ್ನು ಬೈಯುತ್ತಾರೆ.

ಮಾರ್ವಾಡಿಗಳೆಲ್ಲ ಶ್ರೀಮಂತರೇನಾ?

ಇಲ್ಲಪ್ಪ. ಮೊದಲು ಒಂದು ವಿಷಯ. ಮಾರ್ವಾಡಿ ಅನ್ನುವುದು ಒಂದು ಜಾತಿಯ ಹೆಸರಲ್ಲ. ಓಸ್ವಾಲ್, ಪೋರ್ವಾಲ್ ಜೈನರಿದ್ದಾರೆ, ಅಗರ್‌ವಾಲ್, ಮಾಹೇಶ್ವರಿಗಳಿದ್ದಾರೆ. ಈಚೆಗೆ ಬಂದ ಸೀರ್ವಿ, ಪ್ರಜಾಪತ್, ರಾಜಪುರೋಹಿತರೂ ಇದ್ದಾರೆ. ಹಾರ್ಡ್‌ವೇರ್, ಎಲೆಕ್ಟ್ರಿಕಲ್, ಸ್ವೀಟ್ಸ್ ಅಂಗಡಿಗಳಲ್ಲಿ ಕಾಣುವವರು ಹೆಚ್ಚಾಗಿ ಇವರೇ. ರಾಜಸ್ಥಾನದಲ್ಲಿ ಅವರಲ್ಲಿ ತುಂಬಾ ಜನ ರೈತರು, ಕುಂಬಾರರು.

ನಮ್ಮ ಮಹಡಿ ಮೇಲಿನ ಹುಡುಗ ಹಬ್ಬಕ್ಕೂ ಊರಿಗೆ ಹೋಗುವುದಿಲ್ಲ. ಹಬ್ಬದಲ್ಲೇ ವ್ಯಾಪಾರ ಜಾಸ್ತಿ. ಭಾನುವಾರ ಬೆಣ್ಣೆದೋಸೆ ತಿನ್ನಲು ಹೋಗುತ್ತಾನೆ. ಆಲೂಗಡ್ಡೆ ಪಲ್ಯ ಬೇಡ ಅಂತ ಮೊದಲೇ ಹೇಳುತ್ತಾನೆ, ಜೈನರ ಹುಡುಗ. ವಾರದಲ್ಲಿ ಅವನ ಸ್ವಂತ ಖರ್ಚು ಅದೊಂದೇ. ಆನ್‌ಲೈನ್ ವ್ಯಾಪಾರ ಬಂದ ಮೇಲೆ ಸಣ್ಣ ಬಟ್ಟೆ ಅಂಗಡಿಗಳ ಬೆವರಿಳಿದಿದೆ. ಜಿಎಸ್‌ಟಿ, ಲಾಕ್‌ಡೌನ್ ಎರಡೂ ಹೊಡೆತ ಕೊಟ್ಟವು. ಇದೇ ಬೀದಿಯಲ್ಲಿ ಎರಡು ಅಂಗಡಿ ಮುಚ್ಚಿದ್ದನ್ನು ಕಂಡಿದ್ದೇನೆ.

ಆದರೂ ಬೀಳುವಾಗ ಹಿಡಿಯುವವರು ಇದ್ದಾರೆ. ಸಮಾಜದವರು ಸೇರಿ ಮಕ್ಕಳ ಫೀಸು ಕಟ್ಟುತ್ತಾರೆ, ಸೋತವನಿಗೆ ಬೇರೆ ಊರಲ್ಲಿ ಕೆಲಸ ಹುಡುಕುತ್ತಾರೆ.

ಗಿರವಿ ಅಂಗಡಿಯವರು ತಾಂಡಾದವರನ್ನು ಸುಲಿದರು ಅನ್ನುತ್ತಾರಲ್ಲ?

ನನ್ನ ಅಮ್ಮನ ಬೆಳ್ಳಿ ಕಾಲ್ಕಡಗ ಅಡವಿಟ್ಟಿದ್ದು ಮೂರು ಸಲ. ಎರಡು ಸಲ ವಾಪಸ್ ಬಂತು. ಮೂರನೇ ಸಲ ಬಡ್ಡಿ ಬೆಳೆದು ಬಿಡಿಸಲು ಆಗಲಿಲ್ಲ. ನೂರಕ್ಕೆ ತಿಂಗಳಿಗೆ ಎರಡು ರೂಪಾಯಿ ಅಂದರೆ ಸುಮ್ನೆ ಕೇಳಲು ಸಣ್ಣದು, ವರ್ಷಕ್ಕೆ 24 ಆಗುತ್ತದೆ. ಆ ನೋವು ನಮ್ಮ ಮನೆಯಲ್ಲಿ ಈಗಲೂ ಇದೆ.

ಆದರೆ ಅವತ್ತು ರಾತ್ರಿ ಎಂಟು ಗಂಟೆಗೆ, ಅಪ್ಪನನ್ನು ಆಸ್ಪತ್ರೆಗೆ ಸೇರಿಸಲು ದುಡ್ಡು ಕೊಟ್ಟವನು ಆ ಅಂಗಡಿಯವನೇ. ಕೊಡುವವರು ಬೇರೆ ಯಾರೂ ಇರಲಿಲ್ಲ. ಎರಡೂ ಒಟ್ಟಿಗೆ ನಿಜ. ಈಗ ಬ್ಯಾಂಕು, ಫೈನಾನ್ಸ್ ಕಂಪನಿಗಳೇ ಚಿನ್ನದ ಸಾಲ ಕೊಡುತ್ತವೆ. ಬೆಳ್ಳಿಗೆ ಮಾತ್ರ ಇನ್ನೂ ಜನ ಗಿರವಿ ಅಂಗಡಿಗೇ ಹೋಗುತ್ತಾರೆ.

ಮೀಸಲಾತಿಯಿಂದ ಏನಾದರೂ ಬದಲಾಗಿದೆಯಾ?

ತುಂಬಾ. ಕರ್ನಾಟಕದಲ್ಲಿ ಲಂಬಾಣಿಗರು ಪರಿಶಿಷ್ಟ ಜಾತಿ. ಆಂಧ್ರ, ತೆಲಂಗಾಣದಲ್ಲಿ ಪರಿಶಿಷ್ಟ ಪಂಗಡ, ಮಹಾರಾಷ್ಟ್ರದಲ್ಲಿ ವಿಮುಕ್ತ ಜಾತಿ. ಒಂದೇ ಜನ, ಗಡಿ ದಾಟಿದರೆ ಬೇರೆ ಪಟ್ಟಿ. ನಮ್ಮ ತಾಂಡಾದಿಂದಲೇ ಇಬ್ಬರು ಪೊಲೀಸ್, ಒಬ್ಬ ಮೇಷ್ಟ್ರು, ಒಬ್ಬಳು ನರ್ಸ್ ಆಗಿದ್ದಾರೆ. ಆ ನಾಲ್ಕು ಸಂಬಳ ಬಾರದೇ ಇದ್ದಿದ್ದರೆ ನಾಲ್ಕು ಮನೆ ಈಗಲೂ ಗುಳೆ ಹೋಗುತ್ತಿದ್ದವು. ಮಾಯಕೊಂಡ, ಹೊಳಲ್ಕೆರೆ ಮೀಸಲು ಕ್ಷೇತ್ರಗಳು, ಅಲ್ಲಿ ತಾಂಡಾದ ಮತ ಕೇಳದೆ ಯಾರೂ ಗೆಲ್ಲುವುದಿಲ್ಲ. 2009ರಲ್ಲಿ ತಾಂಡಾ ಅಭಿವೃದ್ಧಿ ನಿಗಮವೂ ಬಂತು.

ಒಳಮೀಸಲಾತಿ, ಅಂದರೆ ಪರಿಶಿಷ್ಟ ಜಾತಿಯ ಮೀಸಲಾತಿಯನ್ನು ಒಳಗಿನ ಜಾತಿಗಳಿಗೆ ಹಂಚುವುದು, ಅದರ ಜಗಳದ ಬಗ್ಗೆಯೂ ಕೇಳುತ್ತಾರೆ. ಹೊಲೆಯ, ಮಾದಿಗ ಸಮುದಾಯದವರು ಅನುಭವಿಸಿದ ಅಸ್ಪೃಶ್ಯತೆ ನಮ್ಮ ಕಷ್ಟಕ್ಕಿಂತ ಬೇರೆ, ಅದನ್ನು ನಾವು ಒಪ್ಪಬೇಕು. ಹಾಗೆಯೇ ಗುಳೆ ಹೋಗುವ ತಾಂಡಾದ ಮಗುವಿನ ಪಾಲೂ ಕರಗಬಾರದು. ನನ್ನ ನಿಲುವು ಇಷ್ಟೇ.

ಮಾರ್ವಾಡಿಗಳಲ್ಲಿ ಜೈನರಿಗೆ 2014ರಲ್ಲಿ ಕೇಂದ್ರ ಸರ್ಕಾರ ಅಲ್ಪಸಂಖ್ಯಾತ ಸ್ಥಾನ ಕೊಟ್ಟಿತು. ನಮ್ಮ ಅಂಗಡಿಯ ಬೀದಿಯಲ್ಲಿ ಸರ್ಕಾರಿ ಕೆಲಸದ ಆಸೆ ಇಟ್ಟುಕೊಂಡ ಹುಡುಗನನ್ನು ನಾನು ಕಂಡಿಲ್ಲ. ಸಿಎ ಆಗಬೇಕು ಅನ್ನುವವರು ಮನೆಗೊಬ್ಬರು.

ಹೆಂಗಸರ ಸ್ಥಿತಿ ಯಾವ ಕಡೆ ವಾಸಿ?

ಇದಕ್ಕೆ ಸೀದಾ ಉತ್ತರ ಇಲ್ಲ. ಅಮ್ಮ ಹೊಲ, ತೋಟ, ಸಂತೆ ಎಲ್ಲ ಕಡೆ ಓಡಾಡಿದವಳು. ಯಾರ ಮುಂದೆ ಬೇಕಾದರೂ ಮಾತಾಡುತ್ತಾಳೆ. ಆದರೆ ಬೆನ್ನು ಬಗ್ಗಿಹೋಗಿದೆ. ಮಾಜಿಗೆ ಅನ್ನ, ಔಷಧಿ, ಮನೆ ಯಾವುದಕ್ಕೂ ಕಡಿಮೆ ಇಲ್ಲ. ಆದರೆ ಮದುವೆಯಾಗಿ ಬಂದ ಮೇಲೆ ಹದಿನೈದು ವರ್ಷ ಮಾವನ ಮುಂದೆ ಮುಸುಕು ತೆಗೆದಿರಲಿಲ್ಲವಂತೆ, ಪೇಟೆಗೆ ಒಬ್ಬರೇ ಇಳಿದಿರಲಿಲ್ಲವಂತೆ. ಅವರ ಮೊಮ್ಮಗಳು ಈಗ ಸ್ಕೂಟಿಯಲ್ಲಿ ಕಾಲೇಜಿಗೆ ಹೋಗುತ್ತಾಳೆ. ನನ್ನ ಮಗಳೂ ಅದೇ ಕಾಲೇಜು.

ಮಕ್ಕಳು ಮನೆಭಾಷೆ ಮಾತಾಡುತ್ತಾರಾ?

ಇಬ್ಬರ ಮನೆಯಲ್ಲೂ ಕರಗುತ್ತಿದೆ. ನಮ್ಮ ಲಂಬಾಣಿ ಭಾಷೆ ಗೋರ್ ಬೋಲಿಗೆ (ಲಂಬಾಡಿ ಅಂತಲೂ ಅನ್ನುತ್ತಾರೆ) ಲಿಪಿ ಇಲ್ಲ, ಕನ್ನಡದಲ್ಲೇ ಬರೆಯುತ್ತೇವೆ. 2011ರ ಜನಗಣತಿಯಲ್ಲಿ ಲಂಬಾಡಿ ಮಾತಾಡುವವರು 32 ಲಕ್ಷಕ್ಕೂ ಹೆಚ್ಚು ಅಂತ ಇದೆ, ಆದರೆ ಅದನ್ನು ಹಿಂದಿಯ ಕೆಳಗೆ ಸೇರಿಸಿದ್ದಾರೆ. ಮಾರ್ವಾಡಿಯನ್ನೂ ಹಿಂದಿಯ ಕೆಳಗೇ ಸೇರಿಸಿದ್ದಾರೆ. ಸೇಠ್‌ಜಿಗೂ ನನಗೂ ಇದೊಂದು ವಿಷಯದಲ್ಲಿ ಒಂದೇ ಸಿಟ್ಟು.

ಎಲ್ಲ ತಾಂಡಾಗಳ ಸ್ಥಿತಿಯೂ ಒಂದೇನಾ?

ಖಂಡಿತ ಅಲ್ಲ. ಚನ್ನಗಿರಿ ಕಡೆ ಭದ್ರಾ ನೀರು ಸಿಕ್ಕಿದ ತಾಂಡಾಗಳಲ್ಲಿ ಅಡಿಕೆ ತೋಟ ಇದೆ, ಆರ್‌ಸಿಸಿ ಮನೆ ಇದೆ, ಕಾರೂ ಇದೆ. ಜಗಳೂರು ಕಡೆ ಮಳೆ ಬಂದರೆ ಮೆಕ್ಕೆಜೋಳ, ಬಾರದಿದ್ದರೆ ಗುಳೆ. ಅದೇ ಜನ, ಅದೇ ಸೇವಾಲಾಲರ ಗುಡಿ. ನೀರು ಮತ್ತು ಪಹಣಿ ಎರಡು ಸಿಕ್ಕ ಕಡೆ ಲಂಬಾಣಿಗರು ಮೂವತ್ತು ವರ್ಷದಲ್ಲಿ ಎದ್ದು ನಿಂತಿದ್ದಾರೆ.

ನಮ್ಮ ತಾಂಡಾಕ್ಕೆ ಇನ್ನೂ ಹಕ್ಕುಪತ್ರ ಬಂದಿಲ್ಲ. ಏನು ಮಾಡಬೇಕು?

ಹಳೇ ಕಾಗದ ಯಾವುದನ್ನೂ ಬಿಸಾಡಬೇಡಿ. ಕರೆಂಟ್ ಬಿಲ್ಲು, ಪಂಚಾಯ್ತಿ ಕಂದಾಯದ ರಸೀದಿ, ರೇಷನ್ ಕಾರ್ಡು, ಮತದಾರರ ಪಟ್ಟಿಯ ಪ್ರತಿ, ಎಲ್ಲ ಒಂದು ಪ್ಲಾಸ್ಟಿಕ್ ಚೀಲದಲ್ಲಿ ಹಾಕಿಡಿ. ಮೊದಲು ಗ್ರಾಮ ಆಡಳಿತ ಅಧಿಕಾರಿಯನ್ನು ನೋಡಿ, ನಿಮ್ಮ ಜಾಗ ಖಾಸಗಿಯೋ, ಸರ್ಕಾರಿಯೋ, ಅರಣ್ಯವೋ ಕೇಳಿ. ಅರಣ್ಯ ಆದರೆ ದಾರಿಯೇ ಬೇರೆ, ತಡವೂ ಆಗುತ್ತದೆ. ಒಬ್ಬೊಬ್ಬರೇ ಹೋಗಬೇಡಿ, ನಾಯಕ್ ಮುಂದಿಟ್ಟುಕೊಂಡು ಎಲ್ಲ ಮನೆಯವರೂ ಸೇರಿ ತಹಶೀಲ್ದಾರರಿಗೆ ಅರ್ಜಿ ಕೊಡಿ. ಕೊಟ್ಟ ಅರ್ಜಿಗೆ ಸೀಲು ಹಾಕಿದ ಸ್ವೀಕೃತಿ ತಪ್ಪದೆ ತೆಗೆದುಕೊಳ್ಳಿ. ನಮ್ಮ ತಾಂಡಾದ ಅರ್ಜಿ ನಾನೇ ಬರೆದುಕೊಟ್ಟೆ, ಜೆರಾಕ್ಸ್ ಮಾಡಿಸಿದ್ದು ಸೇಠ್‌ಜಿಯ ಅಂಗಡಿಯ ಮಿಷನ್‌ನಲ್ಲಿ. ಬರೆಯುವುದು ಕಷ್ಟ ಆದರೆ ಭಾನುವಾರ ಮಧ್ಯಾಹ್ನ ನಾನು ಊರಲ್ಲೇ ಇರುತ್ತೇನೆ, ಕಾಗದದ ಚೀಲ ಹಿಡಿದು ಬನ್ನಿ.